ತೊಟ್ಟಿಲ ಮೇಲಿನ ಜಾಯಿಂಟು

ಎಣ್ಣೆ ಪೈಪು ಹೆಂಗಸರ ಕೋಣೆಯೊಳಗಿಂದಲೇ ಹೋಗಬೇಕು ಎಂದು ಮ್ಯಾನೇಜರು ತೀರ್ಮಾನಿಸಿದ್ದು ತಲೆಯಿಂದಲ್ಲ, ಮೂಗಿನಿಂದ.

ಆ ಲಾಂಡ್ರಿಯಲ್ಲಿ ಅವರ ಮೂಗು ಹೆಸರುವಾಸಿಯಾಗಿತ್ತು. ಆಸ್ಪತ್ರೆಗಳಿಂದಲೂ ಹೋಟೆಲುಗಳಿಂದಲೂ ಬರುವ ಕೊಳೆ ಬೆಡ್‌ಶೀಟುಗಳ ಗಂಟಿನಿಂದ ಸಂಬಳ ಬರುತ್ತಿದ್ದರೂ ಆ ಗಂಟಿನ ಹತ್ತಿರ ಹೋಗುವಾಗ ಮೂಗಿಗೆ ಅತ್ತರಿನ ಕರ್ಚೀಫು ಒತ್ತಿಕೊಳ್ಳುತ್ತಿದ್ದರು. ಬರುಬರುತ್ತ ಎಲ್ಲ ಹೊತ್ತಿನಲ್ಲೂ ಒತ್ತಿಕೊಂಡೇ ಇರತೊಡಗಿದರು. ಒಂದು ಕೈ ಮೂಗಿಗೆ ಮೀಸಲಾದ್ದರಿಂದ ಬೈಯುವಾಗ ಬೆರಳು ತೋರಿಸಲು ಉಳಿದದ್ದು ಇನ್ನೊಂದೇ ಕೈ. ಇಸ್ತ್ರಿ ಹೆಂಗಸರು ಅವರಿಗೆ ಕರ್ಚೀಫು ಎಂದೇ ಹೆಸರಿಟ್ಟಿದ್ದರು. 'ಕರ್ಚೀಫು ಬಂತು' ಎಂದು ಒಬ್ಬಳು ಪಿಸುಗುಟ್ಟಿದರೆ ಸಾಲಿಗೆ ಸಾಲೇ ಮಾತು ನುಂಗಿ ಬೆಡ್‌ಶೀಟು ಮಡಚುತ್ತಿತ್ತು.

ಸೌದೆಯಿಂದ ಉರಿಯುತ್ತಿದ್ದ ಹಳೆ ಬಾಯ್ಲರಿಗೆ ಮಾಲೀಕರು ಹೊಸದಾಗಿ ಎಣ್ಣೆ ಬರ್ನರು ತರಿಸಿದ್ದರು. ಡೀಸೆಲ್ ಟ್ಯಾಂಕು ಮುಂದಿನ ಅಂಗಳದ ಮೂಲೆಯಲ್ಲಿ ಕೂತಿತು. ಬಾಯ್ಲರು ಹಿಂದಿನ ಶೆಡ್ಡಿನಲ್ಲಿತ್ತು. ಒಂದರಿಂದ ಇನ್ನೊಂದಕ್ಕೆ ತಾಮ್ರದ ಪೈಪು ಎಳೆಯಲು ಎರಡು ದಾರಿಗಳಿದ್ದವು. ಮೊದಲನೆಯದು ಹೊರಗೋಡೆ ಹಿಡಿದು ನೇರಕ್ಕೆ ಹೋಗುವುದು. ಗಾಳಿ, ಬೆಳಕು, ಕಣ್ಣಿಗೆ ಕಾಣುವ ಜಾಗ. ಆದರೆ ಆ ಗೋಡೆಯಲ್ಲಿ ಮ್ಯಾನೇಜರ ಕ್ಯಾಬಿನ್ನಿನ ಕಿಟಕಿಯಿತ್ತು. ಎರಡನೆಯದು ಕಟ್ಟಡದ ಮಗ್ಗುಲಿಗೆ ಸುತ್ತಿ, ಗೋಡೆ ಕೊರೆದು, ಹೆಂಗಸರು ಊಟ ಮಾಡುವ ಕೋಣೆಯಲ್ಲಿ ಹಾದು, ಮತ್ತೆ ಗೋಡೆ ಕೊರೆದು ಶೆಡ್ಡಿಗೆ ಇಳಿಯುವುದು. ಆ ಕೋಣೆಗೆ ಕಿಟಕಿಯಿಲ್ಲ. ಸೂರಿನ ಹತ್ತಿರ ಒಂದು ಗವಾಕ್ಷಿ ಇತ್ತು, ಅದರಲ್ಲಿ ಪಾರಿವಾಳ ಗೂಡು ಕಟ್ಟಿತ್ತು.

"ಹೆಂಗಸರ ಕೋಣೇಲಿ ಹಾಕು" ಎಂದರು ಮ್ಯಾನೇಜರು. "ಅವರಿಗೆ ವಾಸನೆ ಅಭ್ಯಾಸ."

ಇದನ್ನು ಕೇಳಿಸಿಕೊಂಡು ನಿಂತಿದ್ದವನು ಪೈಪಿನ ಮೇಸ್ತ್ರಿ. ನಿಂತದ್ದು ಒಂದು ಹಳೆ ನ್ಯೂಸ್‌ಪೇಪರಿನ ಮೇಲೆ. ಎಣ್ಣೆ ಕಾಲಿನವನು ಟೈಲ್ಸ್ ತುಳಿಯಬಾರದೆಂದು ಅವನು ಬಾಗಿಲಲ್ಲಿ ಕಂಡ ಕೂಡಲೇ ಮ್ಯಾನೇಜರು ಪೇಪರು ಹಾಸುತ್ತಿದ್ದರು. ಈ ಒಂದೇ ಆಫೀಸಿನಲ್ಲಿ ಅಲ್ಲ, ಅವನು ಹೋದ ಕಡೆಯಲ್ಲೆಲ್ಲ ಇದೇ ಮರ್ಯಾದೆ. ಹೀಗೆ ನಿಂತು ನಿಂತೇ ಅವನು ಲೋಕದ ಸುದ್ದಿ ತಿಳಿದುಕೊಂಡಿದ್ದ. ಅರ್ಧ ಸುದ್ದಿ ಚಪ್ಪಲಿಯ ಕೆಳಗಿರುತ್ತಿತ್ತು. ಕಾಲು ಸರಿಸಿ ಓದಿದರೆ ಬೈಗುಳ. ಹಾಗಾಗಿ ಯಾವ ಯುದ್ಧದಲ್ಲಿ ಯಾರು ಗೆದ್ದರೆಂಬುದು ಅವನಿಗೆ ಗೊತ್ತಾಗುತ್ತಲೇ ಇರಲಿಲ್ಲ.

"ಸಾರ್, ಆ ಕೋಣೇಲಿ ಸ್ಟವ್ ಉರಿಯುತ್ತೆ" ಎಂದ ಮೇಸ್ತ್ರಿ, ಕಾಲಡಿಯ ಪೇಪರಿಗೆ ಹೇಳುವಂತೆ. "ಮಗು ಬೇರೆ ಮಲಗಿರುತ್ತೆ."

"ಸ್ಟವ್ ತೆಗೆಸ್ತೀನಿ. ಮಗೂನೂ ತೆಗೆಸ್ತೀನಿ. ಇನ್ನೇನಾದ್ರೂ ತೆಗೆಸ್ಬೇಕಾ?"

"ಆಯ್ತು ಸಾರ್."

ಇದು ಅವನ ನಾಲಿಗೆಯ ಕಾಯಿಲೆ. ಎದುರಿಗೆ ಕುರ್ಚಿಯಿದ್ದು ಅದರಲ್ಲಿ ಯಾರಾದರೂ ಕೂತಿದ್ದರೆ ಬಾಯಿ ತಾನಾಗಿ ಆಯ್ತು ಎನ್ನುತ್ತಿತ್ತು. ಹೆಂಡತಿಯನ್ನು ನೋಡಲು ಹೋದಾಗಲೂ ಹಾಗೆಯೇ ಆಗಿತ್ತು. ಹುಡುಗಿ ಒಪ್ಪಿಗೆಯಾ ಎಂದು ಕೇಳುವ ಮೊದಲೇ ಆಯ್ತು ಎಂದುಬಿಟ್ಟಿದ್ದ. ಅದೊಂದು ಆಯ್ತು ಮಾತ್ರ ಒಳ್ಳೆಯದೇ ಆಯಿತು. ಆದರೆ ಅದರ ಜೊತೆಗೆ ಅತ್ತೆಯೂ ಬಂದರು.

ಆ ಅತ್ತೆಯೇ ಈ ಲಾಂಡ್ರಿಯ ಇಸ್ತ್ರಿ ಸಾಲಿಗೆ ಹಿರಿಯರು. ಎರಡೂ ಮುಂಗೈಗಳಲ್ಲಿ ಉಗಿ ಸುಟ್ಟ ಕಲೆಗಳು ಬಳೆಗಳಂತೆ ಸಾಲಾಗಿದ್ದವು. ಅಳಿಯನಿಗೆ ಈ ಕೆಲಸ ಕೊಡಿಸಿದ್ದೂ ಅವರೇ. ಅವರು ಅಳಿಯಂದಿರು ಎಂದು ಬಹುವಚನದಲ್ಲಿ ಕರೆಯುತ್ತಿದ್ದರಿಂದ ಲಾಂಡ್ರಿಯ ಅಷ್ಟೂ ಹೆಂಗಸರಿಗೆ ಅವನು ಅಳಿಯಂದಿರೇ ಆದ. ಅವನಿಗಿಂತ ಚಿಕ್ಕವರೂ ಹಾಗೇ ಕರೆಯುತ್ತಿದ್ದರು. ಇಷ್ಟೊಂದು ಅತ್ತೆಯರ ನಡುವೆ ಓಡಾಡುವಾಗ ಅವನು ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಳ್ಳುತ್ತಿದ್ದ.

ಅವನು ತಾಮ್ರದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಕೋಣೆಗೆ ಬಂದಾಗ ಹೆಂಗಸರಿಗೆ ಸಂತೋಷವೇ ಆಯಿತು. ಬಿಸಿನೀರಿನ ನಲ್ಲಿ ಹಾಕಲು ಬಂದಿದ್ದಾನೆ ಎಂದುಕೊಂಡರು. ಅತ್ತೆ ಟೀ ಕೊಟ್ಟರು. ಬಾಣಂತಿ ತೊಟ್ಟಿಲನ್ನು ಒಂದಿಷ್ಟು ಪಕ್ಕಕ್ಕೆ ಎಳೆದುಕೊಟ್ಟಳು. ಅವಳ ಮಗು ಆಗಲೇ ಅಂಬೆಗಾಲಿಡುತ್ತಿತ್ತು, ಆದರೂ ಬಾಣಂತಿ ಎಂಬ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಹೆರಿಗೆಯ ರಜ ಮುಗಿಯುವ ಮೊದಲೇ ಕೆಲಸಕ್ಕೆ ಕರೆಸಿದ್ದರಲ್ಲ, ಉಳಿದ ಬಾಣಂತನವನ್ನು ಅವಳು ಹೆಸರಿನಲ್ಲೇ ಮುಗಿಸುತ್ತಿದ್ದಳು.

ಅಳಿಯ ಮುಕ್ಕಾಲು ಟೀ ಕುಡಿದು ಲೋಟ ಪಕ್ಕಕ್ಕಿಟ್ಟ. ಗೋಡೆಗೆ ಡ್ರಿಲ್ ಹಚ್ಚಿದ. ಎರಡನೇ ತೂತೂ ಮುಗಿದು ಅದರಾಚೆ ಬಾಯ್ಲರಿನ ಕಪ್ಪು ಹೊಟ್ಟೆ ಕಂಡಾಗ ರೋಲರ್ ಚಿಕ್ಕಮ್ಮ ಬಗ್ಗಿ ನೋಡಿದಳು. ಬೆಡ್‌ಶೀಟನ್ನು ಬಿಸಿ ರೋಲರಿಗೆ ಕೊಡುವ ಕೆಲಸ ಅವಳದು. ಬೆಂಕಿಯ ವಿಷಯದಲ್ಲಿ ಅವಳಿಗೆ ಅನುಮಾನ ಜಾಸ್ತಿ.

"ಅಳಿಯಂದಿರೇ, ಬಿಸಿನೀರು ಆ ಕಡೆಯಿಂದ ಈ ಕಡೆ ಬರ್ಬೇಕು ತಾನೇ? ನೀವ್ಯಾಕೆ ಈ ಕಡೆಯಿಂದ ಆ ಕಡೆ ಕಳಿಸ್ತಿದೀರಿ?"

"ಇದು ನೀರಲ್ಲ ಚಿಕ್ಕಮ್ಮ."

"ಮತ್ತೆ?"

"ಡೀಸೆಲ್ಲು."

ಅತ್ತೆ ಅವನ ಪಕ್ಕದಲ್ಲಿದ್ದ ಟೀ ಲೋಟ ಎತ್ತಿಕೊಂಡರು. ಅದರ ತಳದಲ್ಲಿ ಇನ್ನೂ ಒಂದು ಗುಟುಕು ಇತ್ತು.

ಆ ಕೋಣೆ ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಮೊದಲು ಅವರೆಲ್ಲ ಒದ್ದೆ ನೆಲದ ಮೇಲೆ, ಮೆಷಿನ್ನುಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಉಣ್ಣುತ್ತಿದ್ದರು. ಕೊಳೆ ಬಟ್ಟೆಯ ಗಂಟಿಗೆ ಒರಗಿ ಮಕ್ಕಳಿಗೆ ಹಾಲೂಡುತ್ತಿದ್ದರು. ಸೀರೆ ಬದಲಿಸಲು ಇಬ್ಬರು ಬೆಡ್‌ಶೀಟು ಹಿಡಿದು ನಿಲ್ಲಬೇಕಿತ್ತು, ಹಿಡಿದವರ ಸಂಬಳದಲ್ಲಿ ಆ ಹೊತ್ತು ಕಡಿತ. ಒಂದು ದಿನ ಎಲ್ಲರೂ ಬಟ್ಟೆ ಗಾಡಿಗಳ ಮೇಲೆ ಹತ್ತಿ ಕೂತು ಇಳಿಯುವುದಿಲ್ಲ ಎಂದರು. ಅದೇ ಸಂಜೆ, ಸೋಪು ತುಂಬಿಡುತ್ತಿದ್ದ ಈ ಕೋಣೆ ಖಾಲಿಯಾಯಿತು. ಮೊಳೆ ಹೊಡೆದರು, ಕನ್ನಡಿ ತಂದರು. ಹರಿದ ಬೆಡ್‌ಶೀಟಿನಲ್ಲಿ ತೊಟ್ಟಿಲು ಕಟ್ಟಿದರು. ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು ಅವರಲ್ಲಿ ಎಷ್ಟೋ ಜನರಿಗೆ ಮನೆಯಲ್ಲೂ ಇರಲಿಲ್ಲ.

"ಅಳಿಯಂದಿರು ತಪ್ಪು ತಿಳ್ಕೋಬಾರ್ದು" ಎಂದು ಅತ್ತೆ ಶುರು ಮಾಡಿದರು. ಹೀಗೆ ಶುರುವಾದರೆ ಮುಂದಿನದು ತಪ್ಪದೆ ಬೈಗುಳವೇ. "ತಾವು ಬುದ್ಧಿವಂತರು ಅಂತ ಮಗಳನ್ನ ಕೊಟ್ವಿ. ಆ ಬುದ್ಧೀನ ತಾವು ಎಲ್ಲಿ ಅಡ ಇಟ್ಟಿದೀರಿ ಅಂತ ದಯವಿಟ್ಟು ಹೇಳಿದ್ರೆ ನಾವೇ ಹೋಗಿ ಬಿಡಿಸ್ಕೊಂಡು ಬರ್ತೀವಿ."

"ಅತ್ತೆ, ನಾನು ಹೇಳ್ದೆ. ಅವರು ಕೇಳ್ಲಿಲ್ಲ."

"ಏನಂತ ಹೇಳಿದ್ರಿ?"

"ಆಯ್ತು ಅಂತ."

ರೋಲರ್ ಚಿಕ್ಕಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅಳಿಯ ಒಂದು ಉಪಾಯ ಹೇಳಿದ. ಕೋಣೆಯೊಳಗೆ ಎಲ್ಲೂ ಜಾಯಿಂಟು ಇಡುವುದಿಲ್ಲ. ಒಂದೇ ಅಖಂಡ ಪೈಪು ಎಳೆಯುತ್ತೇನೆ. ಸೋರುವುದಿದ್ದರೆ ಸಾಮಾನ್ಯವಾಗಿ ಜಾಯಿಂಟಿನಲ್ಲೇ ಸೋರುವುದು. ಗೋಡೆ ದಾಟುವಲ್ಲಿ ಉಜ್ಜದ ಹಾಗೆ ಪೈಪಿಗೆ ಕಬ್ಬಿಣದ ಕೊಳವೆ ತೊಡಿಸುತ್ತೇನೆ. ಟ್ಯಾಂಕಿನ ಬುಡದಲ್ಲಿ ಒಂದು ವಾಲ್ವು. ಬರ್ನರಿನ ಹತ್ತಿರ ಬೆಂಕಿ ತಾಕಿದರೆ ತಾನಾಗಿ ಮುಚ್ಚಿಕೊಳ್ಳುವ ಇನ್ನೊಂದು.

"ಅಷ್ಟೆಲ್ಲ ಮಾಡಿದ್ರೆ ಭಯ ಇಲ್ವಾ?" ಎಂದಳು ಬಾಣಂತಿ.

"ಪರವಾಗಿಲ್ಲ."

"ಪರವಾಗಿಲ್ಲ ಅಂದ್ರೆ" ಎಂದರು ಅತ್ತೆ, "ನಿಮ್ಮ ಮಗಳನ್ನ, ನನ್ನ ಮೊಮ್ಮಗಳನ್ನ, ಅದರ ಕೆಳಗೆ ಮಲಗಿಸ್ತೀರಾ?"

ಅಳಿಯ ಸುರುಳಿ ಬಿಚ್ಚತೊಡಗಿದ.

ಊಟದ ಹೊತ್ತು. ಹೆಂಗಸರು ಎದ್ದು ಹೋಗಲಿಲ್ಲ. ಗೋಡೆಗೊರಗಿ ಕೂತು, ಡಬ್ಬಿ ಬಿಚ್ಚಿ, ಮದುವೆ ಮನೆಯಲ್ಲಿ ಬೀಗರ ನಡಿಗೆ ನೋಡುವ ಹಾಗೆ ಅವನ ಕೆಲಸ ನೋಡಿದರು. ಪೈಪು ಮಡಚದ ಹಾಗೆ ಒಳಗೆ ಸ್ಪ್ರಿಂಗು ತೂರಿಸಿ ಬಗ್ಗಿಸಬೇಕು. ಅವನು ಸ್ಪ್ರಿಂಗು ಮರೆತು ಮೊಣಕಾಲಿಗೆ ಕೊಟ್ಟು ಬರಿದೇ ಬಗ್ಗಿಸಿದ. ತೊಟ್ಟಿಲ ಮೇಲಿನ ಮೂಲೆಗೆ ಬಂದಾಗ ಮಗು ಕಣ್ಣು ಬಿಟ್ಟು ಹೊಳೆಯುವ ತಾಮ್ರವನ್ನು ನೋಡಿ ನಕ್ಕಿತು, ಕೈ ಚಾಚಿತು. ಅವನ ಕೈ ಜಗ್ಗಿತು. ಪೈಪು ಕಬ್ಬಿನ ಎಲೆಯಂತೆ ಮಡಚಿಕೊಂಡಿತು.

ಮಡಚಿದ ಪೈಪು ಪೈಪಲ್ಲ. ಆ ಭಾಗವನ್ನು ಕತ್ತರಿಸಿ ತೆಗೆಯಲೇಬೇಕು. ತೆಗೆದ. ಈಗ ಅಖಂಡ ಪೈಪಿನ ಬದಲು ಒಂದು ಉದ್ದ ತುಂಡು, ಒಂದು ಗಿಡ್ಡ ತುಂಡು, ನಡುವೆ ಒಂದು ಗೇಣು ಗಾಳಿ. ಆ ಗಾಳಿಯ ನೇರ ಕೆಳಗೆ ತೊಟ್ಟಿಲು.

"ಜಾಯಿಂಟು ಇಲ್ಲಿ ಬರುತ್ತಾ?" ಎಂದು ಬಾಣಂತಿ ಕೇಳಿದಳು. ಅವಳ ಕೈಯ ತುತ್ತು ಡಬ್ಬಿಗೆ ವಾಪಸಾಯಿತು.

ಅವನು ಪೈಪಿನ ತುದಿಯನ್ನು ಅಗಲ ಮಾಡುವ ಹಿಡಿಕೆಗೆ ಸಿಕ್ಕಿಸಿ ತಿರುಪು ಬಿಗಿದ. ತಾಮ್ರದ ತುದಿ ಹೂವಿನಂತೆ ಅಗಲವಾಗಿ ಅರಳಿತು. ಚೆನ್ನಾಗಿಯೇ ಅರಳಿತು. ಆದರೆ ಈ ಕೆಲಸದಲ್ಲಿ ಒಂದು ಕ್ರಮವಿದೆ. ಮೊದಲು ಜಾಯಿಂಟು ಬಿಗಿಯುವ ನಟ್ಟನ್ನು ಪೈಪಿಗೆ ತೊಡಿಸಬೇಕು, ಆಮೇಲೆ ತುದಿ ಅರಳಿಸಬೇಕು. ಅರಳಿದ ಮೇಲೆ ನಟ್ಟು ಒಳಗೆ ಹೋಗುವುದಿಲ್ಲ.

ನಟ್ಟು ಅವನ ಜೇಬಿನಲ್ಲಿತ್ತು.

ತುದಿ ಕತ್ತರಿಸಿ ಮತ್ತೆ ಅರಳಿಸಿದ. ನಟ್ಟು ಮತ್ತೆ ಜೇಬಿನಲ್ಲೇ.

"ಅಳಿಯಂದಿರೇ, ಇದು ಹೊಸ ಪದ್ಧತಿಯಾ?" ಎಂದಳು ರೋಲರ್ ಚಿಕ್ಕಮ್ಮ. "ತಾಳಿ ಮರೆತು ಬರೀ ಹೂವಿನ ಹಾರ ಹಾಕಿದ ಹಾಗಿದೆ."

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಮನೆಯ ಜಗಲಿಯ ಮೇಲೆ ಕೂತು ಅವನು ಕಣ್ಣು ಮುಚ್ಚಿ ಇಂಥ ತುದಿಗಳನ್ನು ಅರಳಿಸುವುದನ್ನು ಅವರು ನೋಡಿದ್ದರು. ಒಮ್ಮೆಯೂ ನಟ್ಟು ಮರೆತದ್ದಿಲ್ಲ. ಅವರು ಅವನ ಕೈಗಳನ್ನೇ ನೋಡಿದರು. ಅವನೂ ನೋಡಿಕೊಂಡ. ಬಾಯಿ ಹೂಂ ಎಂದು ಬಂದಿತ್ತು. ಕೈ ಊಹೂಂ ಎನ್ನುತ್ತಿತ್ತು.

ಅಷ್ಟರಲ್ಲಿ ಕರ್ಚೀಫು ಬಂತು.

ಮ್ಯಾನೇಜರು ಆ ಕೋಣೆಯ ಹೊಸಿಲು ದಾಟಿದ್ದು ಅದೇ ಮೊದಲು. ಡಬ್ಬಿಗಳ ಬೆಳ್ಳುಳ್ಳಿ ವಾಸನೆಗೆ ಕರ್ಚೀಫನ್ನು ಎರಡು ಮಡಿಕೆ ಮಾಡಿಕೊಂಡರು. ಮಾಲೀಕರು ಸಂಜೆಯೊಳಗೆ ಬರ್ನರು ಉರಿಯಲಿ ಎಂದಿದ್ದಾರೆ, ಆಸ್ಪತ್ರೆಯ ಗಾಡಿ ಬರುತ್ತದೆ, ಇಲ್ಲಿ ಏನು ಸಂತೆ ಎಂದು ಕೇಳಿದರು. ಗೇಣಗಲದ ಸಂದನ್ನು ನೋಡಿದರು. ಹೊರಗೆ ಹೋಗಿ, ತಮ್ಮ ಕ್ಯಾಬಿನ್ನಿನ ಮುಂದಿನ ಹೂಕುಂಡಗಳಿಗೆ ನೀರು ಹಾಕುವ ರಬ್ಬರ್ ಪೈಪಿನಿಂದ ಒಂದು ತುಂಡು ಕೊಯ್ಯಿಸಿ ತಂದರು.

"ತಗೋ. ಎರಡೂ ಕಡೆ ಸಿಕ್ಕಿಸಿ ತಂತಿ ಬಿಗಿ. ಇಷ್ಟಕ್ಕೆ ಒಂದು ದಿನ ಬೇಕಾ ನಿನಗೆ?"

ರಬ್ಬರು ಡೀಸೆಲ್ ಕುಡಿದು ಉಬ್ಬುತ್ತದೆ. ಬಾಯ್ಲರಿನ ಗೋಡೆಯ ಕಾವಿಗೆ ಮೆತ್ತಗಾಗುತ್ತದೆ. ಮೊದಲು ಒಂದು ತೊಟ್ಟು ಬೀಳುತ್ತದೆ, ಆಮೇಲೆ ಇನ್ನೊಂದು. ಅಳಿಯ ಆ ತುಂಡನ್ನು ಕೈಯಲ್ಲಿ ಹಿಡಿದು ನಿಂತ. ಅದರ ತುದಿಯಲ್ಲಿ ಇನ್ನೂ ಹಸಿ ಮಣ್ಣಿತ್ತು. ತೊಟ್ಟಿಲಿನ ಮಗು ತನ್ನ ಕಾಲ್ಬೆರಳನ್ನು ಬಾಯಿಗೆ ತುರುಕಿಕೊಳ್ಳುವ ದೊಡ್ಡ ಕೆಲಸದಲ್ಲಿತ್ತು.

ಕೋಣೆಯಲ್ಲಿ ಕುರ್ಚಿ ಇರಲಿಲ್ಲ. ಮ್ಯಾನೇಜರೂ ನಿಂತೇ ಇದ್ದರು. ಬಹುಶಃ ಅದೂ ಸಹಾಯಕ್ಕೆ ಬಂತು.

"ಆಗಲ್ಲ ಸಾರ್" ಎಂದ ಅಳಿಯ.

ತನ್ನ ಧ್ವನಿ ತನಗೇ ಗುರುತು ಸಿಗದೆ ಯಾರು ಹೇಳಿದ್ದೆಂದು ಒಮ್ಮೆ ಪಕ್ಕಕ್ಕೆ ನೋಡಿದ.

"ಏನಂದೆ?"

"ಇದನ್ನ ಹಾಕಲ್ಲ. ಜಾಯಿಂಟೂ ಹಾಕಲ್ಲ. ಈ ಕೋಣೇಲಿ ಪೈಪೇ ಹಾಕಲ್ಲ."

"ಹೇಳಿದ ಕೆಲಸ ಮಾಡೋಕೆ ಕರೆಸಿದ್ದು ನಿನ್ನನ್ನ."

"ಹೌದು ಸಾರ್. ಇದು ಕೆಲಸ ಅಲ್ಲ. ಕೊಳ್ಳಿ ಇಡೋದು."

"ಸೋರಿದ್ರೆ ಇವರು ಹೇಳಲ್ವಾ? ಇಷ್ಟು ಜನ ಇದ್ದಾರೆ."

ಅತ್ತೆ ಎದ್ದರು. ಮಂಡಿ ಲಟಲಟ ಎಂದಿತು. "ಸಾರ್, ದಿನವೆಲ್ಲ ಬ್ಲೀಚಿಂಗ್ ಹೊಗೇಲಿ ನಿಂತು ನಮ್ಮ ಮೂಗು ಸತ್ತು ಎಷ್ಟೋ ಕಾಲ ಆಯ್ತು. ನಮ್ಮ ಹತ್ರ ಸೋರಿದ್ರೆ ನಮಗೆ ಗೊತ್ತಾಗೋದು ಸೀರೆ ಹತ್ಕೊಂಡ ಮೇಲೆ. ಮೂಗು ಅಂದ್ರೆ ನಿಮ್ದು. ಒಂದು ತೊಟ್ಟು ಬಿದ್ರೂ ಹಿಡೀತೀರಿ. ಪೈಪು ನಿಮ್ಮ ಕಿಟಕಿ ಹತ್ರ ಇರೋದೇ ಎಲ್ಲರಿಗೂ ಕ್ಷೇಮ."

ರೋಲರ್ ಚಿಕ್ಕಮ್ಮ ಗಂಭೀರವಾಗಿ ತಲೆಯಾಡಿಸಿದಳು. "ಅಂಥ ಮೂಗನ್ನ ಬರೀ ಕರ್ಚೀಫಿನೊಳಗೆ ಇಡೋದು ದಂಡ ಸಾರ್."

ಮ್ಯಾನೇಜರ ಕಿವಿ ಕೆಂಪಾಯಿತು. "ಸರಿ. ಇನ್ಮೇಲೆ ಇದು ಊಟದ ಕೋಣೆ ಅಲ್ಲ, ಪೈಪಿನ ಕೋಣೆ. ಬೇರೆ ಮೇಸ್ತ್ರೀನ ಕರೆಸ್ತೀನಿ. ಎಲ್ಲರೂ ಖಾಲಿ ಮಾಡಿ. ಈಗಲೇ."

ಅವರು ಹೋದರು. ಬಾಣಂತಿ ಅಳಲು ಶುರು ಮಾಡಿದಳು, ಸದ್ದಿಲ್ಲದೆ, ಹಾಲೂಡುವಾಗ ಕಲಿತ ಹಾಗೆ. ಅಳಿಯ ಕೈಯಲ್ಲಿದ್ದ ರಬ್ಬರನ್ನು ಕೆಳಗೆ ಹಾಕಿದ. ತಾನು ಹೇಳಿದ ಮೊದಲ ಇಲ್ಲಕ್ಕೇ ಇಷ್ಟೂ ಜನರ ಬಾಗಿಲು ಹೋಯಿತಲ್ಲ ಎಂದುಕೊಂಡ.

"ಅತ್ತೆ, ನಾನು ಬಾಯಿ ಬಿಡಬಾರ್ದಿತ್ತೇನೋ."

"ಬಾಯಿ ಈಗ ಬಂದಿದೆ, ಮುಚ್ಕೋಬೇಡಿ" ಎಂದರು ಅತ್ತೆ. ಕನ್ನಡಿಯನ್ನು ಮೊಳೆಯಿಂದ ಇಳಿಸಿದರು. "ಖಾಲಿ ಮಾಡಿ ಅಂದ್ರಲ್ಲ. ಎಲ್ಲಿಗೆ ಅಂತ ಹೇಳ್ಲಿಲ್ಲ. ಏಳ್ರೇ."

ಇಸ್ತ್ರಿ ಸಾಲು ಮೆರವಣಿಗೆ ಹೊರಟಿತು. ಡಬ್ಬಿಗಳು, ಸ್ಟವ್ವು, ಟೀ ಪಾತ್ರೆ, ನೀರಿನ ಕೊಡ, ಚಪ್ಪಲಿ ಗಂಟು, ಒಣಗಲು ಹಾಕಿದ್ದ ರವಿಕೆಗಳು. ಎಲ್ಲರ ಹಿಂದೆ ತೊಟ್ಟಿಲು ಸಮೇತ ಬಾಣಂತಿ. ಕ್ಯಾಬಿನ್ನಿನ ಬಾಗಿಲು ತೆರೆದಾಗ ಮ್ಯಾನೇಜರು ಅಭ್ಯಾಸಬಲದಿಂದ ಪೇಪರು ಹಾಸಲು ಬಗ್ಗಿದರು. ಅಷ್ಟು ಕಾಲುಗಳಿಗೆ ಸಾಕಾಗುವ ಪೇಪರು ಜಗತ್ತಿನಲ್ಲಿ ಇನ್ನೂ ಅಚ್ಚಾಗಿರಲಿಲ್ಲ.

"ಇದೇನಿದು?"

"ನಮ್ಮ ಜಾಗ ಪೈಪಿಗೆ ಬೇಕಂತಲ್ಲ ಸಾರ್. ಪೈಪು ಬರ್ಬೇಕಾಗಿದ್ದ ಜಾಗಕ್ಕೆ ನಾವು ಬಂದ್ವಿ" ಎಂದರು ಅತ್ತೆ, ಸೋಫಾದ ತುದಿಯಲ್ಲಿ ಕೂತು ಕಾಲು ನೀವಿಕೊಳ್ಳುತ್ತ.

ಸೀಲಿಂಗಿನಲ್ಲಿ ಕೆಟ್ಟ ದೀಪವೊಂದರ ಕೊಕ್ಕೆ ಇತ್ತು. ರೋಲರ್ ಚಿಕ್ಕಮ್ಮ ಟೇಬಲ್ ಹತ್ತಿ ಅದನ್ನು ಜಗ್ಗಿ ನೋಡಿದಳು. ಗಟ್ಟಿಯಿತ್ತು. ತೊಟ್ಟಿಲು ಸರಿಯಾಗಿ ಮ್ಯಾನೇಜರ ಟೇಬಲ್ಲಿನ ಮೇಲೆ, ಫೋನಿನ ಪಕ್ಕಕ್ಕೆ ಬಂದು ನಿಂತಿತು. ರವಿಕೆಗಳು ಕಿಟಕಿಯ ಸರಳಿಗೆ ಹೋದವು. ಅರ್ಧಕ್ಕೆ ನಿಂತಿದ್ದ ಊಟ ಮುಂದುವರಿಯಿತು. ಬೆವರು, ಬೆಳ್ಳುಳ್ಳಿ, ತಲೆಯೆಣ್ಣೆ, ಒದ್ದೆ ಬಟ್ಟೆ, ಮಗುವಿನ ಉಚ್ಚೆ ಎಲ್ಲವೂ ತಮ್ಮ ತಮ್ಮ ಜಾಗ ಹುಡುಕಿಕೊಂಡು ಕೂತವು.

"ಈ ವಾಸನೆ..." ಎಂದರು ಮ್ಯಾನೇಜರು ಬಟ್ಟೆಯೊಳಗಿಂದ.

"ಎಣ್ಣೆದಲ್ಲ ಸಾರ್, ಬರೀ ಬೆವರು" ಎಂದಳು ರೋಲರ್ ಚಿಕ್ಕಮ್ಮ. "ಕೂಡ್ರಿ. ಅಭ್ಯಾಸ ಆಗುತ್ತೆ."

ಮ್ಯಾನೇಜರು ಗದರಿದರು. ಮಗು ಬೆಚ್ಚಿ ಕಿರುಚಿತು. ಅಷ್ಟೂ ಹೆಂಗಸರು ತುಟಿಯ ಮೇಲೆ ಬೆರಳಿಟ್ಟು ಶ್ ಎಂದದ್ದು ಬಾಯ್ಲರಿನಿಂದ ಉಗಿ ಬಿಟ್ಟ ಹಾಗಿತ್ತು. ಮತ್ತೊಮ್ಮೆ ಗದರಿದರು, ಮತ್ತೆ ಅದೇ ಉಗಿ. ಹೊರಗೆ ಇಸ್ತ್ರಿ ಮೆಷಿನ್ನುಗಳ ಮುಂದೆ ಒಬ್ಬರೂ ಇರಲಿಲ್ಲ. ಬೆಡ್‌ಶೀಟುಗಳು ಮುದ್ದೆಯಾಗಿ ಬಿದ್ದಿದ್ದವು. ಬೇರೆ ಮೇಸ್ತ್ರಿಗೆ ಫೋನು ಮಾಡಿದರು. ಕ್ಯಾಬಿನ್ನಿನಲ್ಲಿ ಎಲ್ಲರಿಗೂ ಕೇಳುವಂತೆ ಅವನು, ತೊಟ್ಟಿಲ ಮೇಲೆ ರಬ್ಬರು ಹಾಕೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಎಂದ. ಸುದ್ದಿ ಅವನಿಗೆ ಆಗಲೇ ಗೇಟಿನ ವಾಚ್‌ಮನ್ ಮೂಲಕ ಮುಟ್ಟಿತ್ತು.

ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದ ಅಳಿಯನತ್ತ ತಿರುಗಿದರು. ಕಣ್ಣಲ್ಲಿ ನೀರಿತ್ತು, ಬೆಳ್ಳುಳ್ಳಿಯದು.

"ಹೊರಗೋಡೆಗೇ ಹಾಕು, ಮಾರಾಯ. ಇವರಿಗಿಂತ ಡೀಸೆಲ್ ವಾಸನೆಯೇ ವಾಸಿ."

ಊಟ ಮಾಡುತ್ತಿದ್ದ ಬಾಯಿಗಳೆಲ್ಲ ನಿಂತವು. ಗೆದ್ದ ಮಾತಿನೊಳಗೂ ಒಂದು ಉಗುಳು ಇತ್ತು. ಬಾಣಂತಿ ತಲೆ ತಗ್ಗಿಸಿ ತನ್ನ ಸೆರಗನ್ನು ಮೂಸಿ ನೋಡಿಕೊಂಡಳು. ಅಳಿಯ ಅದನ್ನು ನೋಡಿದ. ದಿನಾ ಸಂಜೆ ಮಗಳನ್ನು ಎತ್ತಿಕೊಳ್ಳುವ ಮೊದಲು ಅವನೂ ಹಾಗೇ ತನ್ನ ಕೈ ಮೂಸಿಕೊಳ್ಳುತ್ತಿದ್ದ.

"ಸಾರ್, ಆ ಮಾತು ವಾಪಸ್ ತಗೊಳ್ಳಿ. ಆಮೇಲೆ ಪೈಪು" ಎಂದ.

ಆಗಲ್ಲ ಎನ್ನುವುದಕ್ಕಿಂತ ಇದು ಸಲೀಸಾಗಿ ಬಂತು. ಮ್ಯಾನೇಜರು ಗೋಡೆ ನೋಡಿದರು, ಫೋನು ನೋಡಿದರು. ಕರ್ಚೀಫು ತೆಗೆಯದೆ ಏನೋ ಗೊಣಗಿದರು.

"ಬಟ್ಟೆಯೊಳಗಿಂದ ಸರಿಯಾಗಿ ಕೇಳಿಸ್ಲಿಲ್ಲ ಸಾರ್" ಎಂದರು ಅತ್ತೆ.

ಮ್ಯಾನೇಜರು ಕರ್ಚೀಫು ಇಳಿಸಿದರು. ಅವರ ಪೂರ್ತಿ ಮುಖವನ್ನು ಹೆಂಗಸರು ನೋಡಿದ್ದು ಅದೇ ಮೊದಲು. ಚಿಕ್ಕ ಮೀಸೆ ಇತ್ತು. "ತಪ್ಪಾಯ್ತು" ಎಂದರು.

"ಗೋಡೆ ತೂತು ಮುಚ್ಚಿ, ಬರ್ನರು ಹತ್ತಿ, ಅಳಿಯಂದಿರು ಸೋರಲ್ಲ ಅಂತ ಹೇಳೋವರೆಗೂ ನಾವಿಲ್ಲೇ ಇರ್ತೀವಿ" ಎಂದರು ಅತ್ತೆ. "ಅರ್ಧ ಜನ ಮೆಷಿನ್ನಿಗೆ ಹೋಗ್ತಾರೆ. ಅರ್ಧ ಜನ ಕಾವಲು."

ಬಾಣಂತಿ ಮೆಷಿನ್ನಿಗೆ ಹೊರಟಳು. ತೊಟ್ಟಿಲಿನ ಹಗ್ಗ ಯಾರ ಕೈಗೆ ಎಂದು ಸುತ್ತ ನೋಡಿದಳು. ಮ್ಯಾನೇಜರ ಒಂದು ಕೈ ಈಗ ಖಾಲಿಯಿತ್ತು. ಕೊಟ್ಟಳು.

ಹೊರಗೋಡೆಯ ದಾರಿ ಗಿಡ್ಡ. ಉದ್ದ ತುಂಡೊಂದೇ ಸಾಕಾಯಿತು, ನಡುವೆ ಒಂದೂ ಜಾಯಿಂಟು ಬೇಕಾಗಲಿಲ್ಲ. ಅಳಿಯ ಸ್ಪ್ರಿಂಗು ತೂರಿಸಿ ನಿಧಾನವಾಗಿ ಬಗ್ಗಿಸಿದ. ಎರಡೂ ತುದಿಗಳಲ್ಲಿ ನಟ್ಟು ಮೊದಲು ತೊಡಿಸಿದ. ಗೋಡೆಗೆ ಕೊಂಡಿ ಹಾಕುತ್ತ ಕಿಟಕಿಯ ಕೆಳಗೆ ಬಂದಾಗ ರವಿಕೆಗಳ ಸಂದಿನಿಂದ ಮ್ಯಾನೇಜರು ತಲೆ ಹಾಕಿದರು.

"ಇದರ ಮೇಲೊಂದು ಹಲಗೆ ಮುಚ್ಚಬಹುದಾ?" ಎಂದು ಪಿಸುಮಾತಿನಲ್ಲಿ ಕೇಳಿದರು.

"ಆಗಲ್ಲ ಸಾರ್. ಕಣ್ಣಿಗೆ ಕಾಣ್ತಾ ಇರ್ಬೇಕು."

"ಆಯ್ತು" ಎಂದರು ಮ್ಯಾನೇಜರು. ಒಳಗೆ ಕೂತು ಮತ್ತೆ ಹಗ್ಗ ಎಳೆಯತೊಡಗಿದರು.

ಫೋನು ಹೊಡೆದುಕೊಂಡಿತು. ಅವರು ಹಾರಿ ಎತ್ತಿಕೊಂಡರು. ಆ ಕಡೆ ಮಾಲೀಕರು. ಬರ್ನರು ಉರಿಯಿತಾ, ಆಸ್ಪತ್ರೆಯವರು ಕೇಳುತ್ತಿದ್ದಾರೆ, ಅಲ್ಲಿ ನೀನು ಏನು ಮಾಡುತ್ತಿದ್ದೀಯ ಎಂಬ ಗುಡುಗು ಕಿಟಕಿಯಾಚೆ ಅಳಿಯನಿಗೂ ಕೇಳಿಸಿತು. ಸೋಫಾದ ಮೇಲಿದ್ದ ಅತ್ತೆ ತುಟಿಗೆ ಬೆರಳಿಟ್ಟರು.

ಮ್ಯಾನೇಜರು ಫೋನಿಗೆ ಅಂಗೈ ಮರೆ ಮಾಡಿ ಹೇಳಿದರು:

"ಸ್ವಲ್ಪ ಮೆಲ್ಲಗೆ ಮಾತಾಡಿ ಸಾರ್. ಮಗು ಈಗ ತಾನೇ ಕಣ್ಣು ಮುಚ್ಚಿದೆ."